ನಮ್ಮ ಕಥಾವಿಶ್ವದ ಕ್ಷಣವಾಣಿಗೆ ಯಾವ ನಿಯಮ?

ಪಯಸ್ವಿನಿ (ಚರ್ಚೆಯ ಆರಂಭ):

ಕಾಸರಗೋಡು, ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ನಾವು ಕೆಲವರು ಸೇರಿ ಬರೆಯುತ್ತಿರುವ ವಿಜ್ಞಾನ ಕಥಾವಿಶ್ವದಲ್ಲಿ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದ ಸುತ್ತ ಒಂದು, ಟೌ ಸೆಟಿ ನಕ್ಷತ್ರದ ಸುತ್ತ ಇನ್ನೊಂದು ಮಾನವ ನೆಲೆ ಇದೆ ಎಂಬುದನ್ನು ಎಲ್ಲರೂ ಒಪ್ಪಿದ್ದೇವೆ. ನೌಕೆಗಳು ಬೆಳಕಿಗಿಂತ ನಿಧಾನವಾಗಿಯೇ ಸಾಗುತ್ತವೆ, ‘ಕ್ಷಣವಾಣಿ’ ಎಂಬ ಯಂತ್ರದ ಮೂಲಕ ಮಾತು ಮಾತ್ರ ಬೆಳಕನ್ನು ಹಿಂದಿಕ್ಕುತ್ತದೆ ಎಂಬುದೂ ಇತ್ಯರ್ಥವಾಗಿದೆ. ಆದರೆ ಇದುವರೆಗೆ ಬಂದ ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದರಲ್ಲಿ ಕ್ಷಣವಾಣಿಯಲ್ಲಿ ಗಂಟೆಗಟ್ಟಲೆ ಹರಟೆ ನಡೆಯುತ್ತದೆ, ಇನ್ನೊಂದರಲ್ಲಿ ಒಂದು ಸಾಲು ಕಳುಹಿಸಲು ಇಡೀ ರಾತ್ರಿ ಬೇಕಾಗುತ್ತದೆ, ಮತ್ತೊಂದರಲ್ಲಿ ನೌಕೆಯ ನಾಯಕ ನಾಳೆಯ ಸುದ್ದಿಯನ್ನು ಇವತ್ತೇ ಕೇಳಿಬಿಡುತ್ತಾನೆ.

ಈ ಯಂತ್ರ ಏಕೆ ಬೇಕು ಎಂಬುದರಲ್ಲಿ ತಕರಾರಿಲ್ಲ. ಸೆಕೆಂಡಿಗೆ 2,99,792 ಕಿಲೋಮೀಟರ್ ಓಡುವ ಬೆಳಕು ಚಂದ್ರನನ್ನು ತಲುಪಲು 1.3 ಸೆಕೆಂಡ್ ಸಾಕು, ಮಂಗಳಕ್ಕೆ ಅದು ಇರುವ ಜಾಗವನ್ನು ಅನುಸರಿಸಿ 3ರಿಂದ 22 ನಿಮಿಷ ಬೇಕು, ಪ್ರಾಕ್ಸಿಮಾಕ್ಕೆ 4.24 ವರ್ಷ, ಟೌ ಸೆಟಿಗೆ 11.9 ವರ್ಷ. ರೇಡಿಯೋವನ್ನೇ ನಂಬಿಕೊಂಡರೆ, ಹತ್ತನೇ ತರಗತಿಯ ಹುಡುಗಿಯೊಬ್ಬಳು ಟೌ ಸೆಟಿಗೆ ಕಳುಹಿಸಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಅವಳ ಮಗಳೇ ಹತ್ತನೇ ತರಗತಿಗೆ ಬಂದಿರಬಹುದು. ಅಂಥ ಜಗತ್ತಿನಲ್ಲಿ ಪತ್ರ ಸಾಧ್ಯ, ಸಂಭಾಷಣೆ ಸಾಧ್ಯವಿಲ್ಲ. ನಮಗೆ ಸಂಭಾಷಣೆ ಬೇಕು. ಆದ್ದರಿಂದ ಎಲ್ಲರೂ ಪಾಲಿಸಬಹುದಾದ ನಿಯಮವೊಂದನ್ನು ಇಲ್ಲಿ ಗೊತ್ತುಮಾಡಿಕೊಳ್ಳೋಣ.

ಅಡಿಕೆತೋಟ:

ಇದಕ್ಕೆ ಇಷ್ಟೊಂದು ಯೋಚನೆ ಏಕೆ? ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್ ಎಂದು ಬರೆದುಬಿಟ್ಟರೆ ಮುಗಿಯಿತು. ಒಂದು ಕಣವನ್ನು ಇಲ್ಲಿ ಅಳೆದ ಕೂಡಲೇ ಅದರ ಜೋಡಿ ಎಷ್ಟೇ ದೂರದಲ್ಲಿದ್ದರೂ ಸ್ಪಂದಿಸುತ್ತದೆ. ಅದಕ್ಕೆ 2022ರಲ್ಲಿ ನೊಬೆಲ್ ಕೂಡ ಬಂದಿದೆಯಲ್ಲ.

ಭೌತದ ಮಾಷ್ಟ್ರು:

ಬಂದಿದೆ. ಅಲೈನ್ ಆಸ್ಪೆ, ಜಾನ್ ಕ್ಲೌಸರ್ ಮತ್ತು ಆಂಟನ್ ಝೈಲಿಂಗರ್ ಅವರಿಗೆ ಬಂದ ಆ ಬಹುಮಾನ ಜಾನ್ ಬೆಲ್ 1964ರಲ್ಲಿ ಮುಂದಿಟ್ಟ ಅಸಮತೆಯನ್ನು, ಅಂದರೆ ಇಂಥ ಹೊಂದಾಣಿಕೆಗೆ ಹಾಕಿದ ಗಣಿತದ ಮಿತಿಯನ್ನು, ಪ್ರಯೋಗದಲ್ಲಿ ಪರೀಕ್ಷಿಸಿದ ಕೆಲಸಕ್ಕೆ ಸಂದದ್ದು. ಜೋಡಿ ಕಣಗಳ ನಡುವಿನ ಹೊಂದಾಣಿಕೆ ನಿಜವೆಂದೂ, ಅದು ಮೊದಲೇ ಬರೆದಿಟ್ಟ ಚೀಟಿಗಳ ಹೊಂದಾಣಿಕೆಯಂಥದ್ದಲ್ಲವೆಂದೂ ಆ ಪ್ರಯೋಗಗಳು ತೋರಿಸಿದವು. ಆದರೆ ಅದರಲ್ಲಿ ಸಂದೇಶ ಕಳುಹಿಸಲು ಬರುವುದಿಲ್ಲ. ಇಲ್ಲಿ ಅಳೆಯುವವರಿಗೆ ಸಿಗುವುದು ಸೊನ್ನೆ ಮತ್ತು ಒಂದರ ಕ್ರಮವಿಲ್ಲದ ಸಾಲು, ಅಲ್ಲಿ ಅಳೆಯುವವರಿಗೂ ಅಂಥದ್ದೇ ಇನ್ನೊಂದು ಸಾಲು. ಇಲ್ಲಿನವರು ಏನೇ ಮಾಡಿದರೂ ಅಲ್ಲಿನ ಸಾಲಿನ ಚಹರೆ ಬದಲಾಗುವುದಿಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ ನಂಟು ಕಾಣಿಸುತ್ತದೆ, ಮತ್ತು ಹಾಗೆ ಪಕ್ಕಪಕ್ಕ ಇಡಬೇಕಾದರೆ ಒಂದು ಸಾಲನ್ನು ರೇಡಿಯೋದಲ್ಲೋ ನೌಕೆಯಲ್ಲೋ ಕಳುಹಿಸಲೇಬೇಕು.

ಬಂದ ಕಣದ ಹತ್ತಾರು ಪ್ರತಿ ಮಾಡಿಕೊಂಡು, ಒಂದೊಂದನ್ನು ಒಂದೊಂದು ರೀತಿಯಲ್ಲಿ ಅಳೆದು ಗುಟ್ಟು ಬಿಡಿಸಬಹುದಲ್ಲ ಎಂದು ಚತುರರು ಯೋಚಿಸಿದ್ದುಂಟು. ಆ ದಾರಿಯೂ 1982ರಲ್ಲಿ ಮುಚ್ಚಿತು. ಅಪರಿಚಿತ ಕ್ವಾಂಟಮ್ ಸ್ಥಿತಿಯ ನಿಖರವಾದ ನಕಲನ್ನು ಮಾಡಲಾಗದು ಎಂದು ವೂಟರ್ಸ್ ಮತ್ತು ಝುರೆಕ್ ಜೊತೆಯಾಗಿಯೂ ಡೀಕ್ಸ್ ಬೇರೆಯಾಗಿಯೂ ಆ ವರ್ಷ ಸಾಧಿಸಿ ತೋರಿಸಿದರು. ಕಥೆಯಲ್ಲಿ ಆ ಪದವನ್ನು ಬಳಸಬಾರದೆಂದು ನಾನು ಹೇಳುವುದಿಲ್ಲ, ಆದರೆ ಪದ ಬಳಸಿದ ಮಾತ್ರಕ್ಕೆ ಯಂತ್ರಕ್ಕೆ ನಿಯಮ ಸಿಕ್ಕಿದಂತಾಗುವುದಿಲ್ಲ.

ಗಡಿಗ್ರಹ:

ಟ್ಯಾಕಿಯಾನ್ ಆಗಬಹುದೇ, ಮಾಷ್ಟ್ರೇ? ಆ ವಿಚಾರದಲ್ಲಿ ನಮ್ಮ ರಾಜ್ಯದವರದ್ದೇ ಕೈ ಇದೆ. ಕೋಟ್ಟಯಂ ಸಮೀಪದ ಪಳ್ಳಂನಲ್ಲಿ ಹುಟ್ಟಿದ ಇ. ಸಿ. ಜಿ. ಸುದರ್ಶನ್ ಅವರು ಬಿಲಾನಿಯುಕ್ ಮತ್ತು ದೇಶಪಾಂಡೆ ಅವರ ಜೊತೆ 1962ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹುಟ್ಟಿನಿಂದಲೇ ಬೆಳಕಿಗಿಂತ ವೇಗವಾಗಿರುವ ಕಣಗಳಿಗೆ ಸಾಪೇಕ್ಷತಾ ಸಿದ್ಧಾಂತದಲ್ಲಿ ಅಡ್ಡಿಯಿಲ್ಲ ಎಂದು ವಾದಿಸಿದರು. ಟ್ಯಾಕಿಯಾನ್ ಎಂಬ ಹೆಸರನ್ನು 1967ರಲ್ಲಿ ಕೊಟ್ಟವರು ಜೆರಾಲ್ಡ್ ಫೈನ್‌ಬರ್ಗ್. ಈ ಕಣಗಳ ಸ್ವಭಾವ ಕಥೆಗಾರರಿಗೆ ಹಬ್ಬ: ಶಕ್ತಿ ಕಳೆದುಕೊಂಡಷ್ಟೂ ವೇಗ ಏರುತ್ತದೆ, ಅವನ್ನು ಬೆಳಕಿನ ವೇಗಕ್ಕೆ ಇಳಿಸಬೇಕಾದರೆ ಅನಂತ ಶಕ್ತಿ ಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಅಂಶ. ಒಂದು ಟ್ಯಾಕಿಯಾನ್ ಒಬ್ಬ ವೀಕ್ಷಕರ ಕಣ್ಣಿಗೆ ಋಣ ಶಕ್ತಿ ಹೊತ್ತು ಕಾಲದಲ್ಲಿ ಹಿಂದಕ್ಕೆ ಹೋಗುವಂತೆ ಕಂಡರೆ, ಅದನ್ನು ಧನ ಶಕ್ತಿ ಹೊತ್ತು ಮುಂದಕ್ಕೆ, ಎದುರು ದಿಕ್ಕಿನಲ್ಲಿ ಹೋಗುವ ಕಣವೆಂದೇ ಓದಿಕೊಳ್ಳಬೇಕು ಎಂದು ಆ ಲೇಖಕರು ಹೇಳಿದರು. ಎಂದರೆ ಕಳುಹಿಸಿದವರು ಯಾರು, ಪಡೆದವರು ಯಾರು ಎಂಬುದೇ ನೋಡುವವರ ಚಲನೆಯನ್ನು ಅವಲಂಬಿಸುತ್ತದೆ. ಎರಡು ನೆಲೆಗಳ ನಡುವೆ ‘ಮೊದಲು ಬೆದರಿಕೆ ಹಾಕಿದವರು ನೀವು’ ಎಂಬ ಜಗಳವಿದ್ದು, ಎರಡೂ ಕಡೆಯವರ ದಾಖಲೆ ಸಾಚಾ ಆಗಿರುವ ಕಥೆಯೊಂದನ್ನು ಊಹಿಸಿಕೊಳ್ಳಿ.

ಅಡಿಕೆತೋಟ:

2011ರಲ್ಲಿ ಯುರೋಪಿನಲ್ಲಿ ನ್ಯೂಟ್ರಿನೋ ಬೆಳಕನ್ನು ಮೀರಿತೆಂದು ಸುದ್ದಿಯಾಗಿತ್ತಲ್ಲ?

ಭೌತದ ಮಾಷ್ಟ್ರು:

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೋಗೆ ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲು ತಲುಪಿದಂತೆ ಒಪೆರಾ ಪ್ರಯೋಗದ ಲೆಕ್ಕ ತೋರಿಸಿತು. ಮರುವರ್ಷ ನೋಡಿದರೆ ಆಪ್ಟಿಕಲ್ ಫೈಬರ್ ಕೇಬಲೊಂದು ಸರಿಯಾಗಿ ಕೂತಿರಲಿಲ್ಲ. ಆ ಸಂಗತಿ ಅಲ್ಲಿಗೆ ಮುಗಿಯಿತು.

ಗಡಿಗ್ರಹ ಅವರ ಮಾತಿಗೆ ಬರುತ್ತೇನೆ. ಕಣ ಯಾವುದೇ ಇರಲಿ, ‘ತಕ್ಷಣ’ ಎಂದಾಗ ಯಾರ ತಕ್ಷಣ ಎಂದು ಹೇಳದಿದ್ದರೆ ನಮ್ಮ ವಿಶ್ವ ಕುಸಿಯುತ್ತದೆ. ಲೆಕ್ಕ ಸಣ್ಣದು, ಎಲ್ಲರೂ ಮಾಡಿ ನೋಡಬಹುದು.

ನೌಕೆಯೊಂದು ಭೂಮಿಯಿಂದ ಬೆಳಕಿನ ವೇಗದ 0.6ರಷ್ಟು ವೇಗದಲ್ಲಿ ಹೊರಟಿದೆ ಎನ್ನಿ. ಹತ್ತು ವರ್ಷಗಳ ಬಳಿಕ ಭೂಮಿಯ ಕೇಂದ್ರಕ್ಕೆ ಬೆಂಕಿ ಬೀಳುತ್ತದೆ, ಸುದ್ದಿ ಕ್ಷಣವಾಣಿಯಲ್ಲಿ ಹೋಗುತ್ತದೆ. ಭೂಮಿಯ ಲೆಕ್ಕದಲ್ಲಿ ಆಗ ನೌಕೆ 6 ಜ್ಯೋತಿರ್ವರ್ಷ ದೂರದಲ್ಲಿದೆ, ಮತ್ತು ಚಲಿಸುವ ಗಡಿಯಾರ ನಿಧಾನವಾಗುವುದರಿಂದ ನೌಕೆಯ ಗಡಿಯಾರ 8 ವರ್ಷ ತೋರಿಸುತ್ತಿದೆ. ನೌಕೆಯವರು ಸುದ್ದಿ ಕೇಳಿ ಅದೇ ಕ್ಷಣ ಮರುಮಾತು ಕಳುಹಿಸುತ್ತಾರೆ. ಈಗ ‘ಅದೇ ಕ್ಷಣ’ ಎಂಬುದನ್ನು ನೌಕೆಯ ದೃಷ್ಟಿಯಿಂದ ನೋಡಬೇಕು. ನೌಕೆಯವರಿಗೆ ತಾವು ನಿಂತಿದ್ದೇವೆ, ಭೂಮಿಯೇ ದೂರ ಸರಿಯುತ್ತಿದೆ, ಆದ್ದರಿಂದ ಭೂಮಿಯ ಗಡಿಯಾರವೇ ನಿಧಾನ. ಅವರ 8ನೇ ವರ್ಷಕ್ಕೆ ಭೂಮಿಯಲ್ಲಿ ಕಳೆದಿರುವುದು, ಮೇಲಿನ 10ಕ್ಕೆ 8ರ ಪ್ರಮಾಣದಲ್ಲೇ, 8ನ್ನು 1.25ರಿಂದ ಭಾಗಿಸಿದರೆ ಬರುವ 6.4 ವರ್ಷ. ಮರುಮಾತು ಭೂಮಿಗೆ ತಲುಪುವುದು 6.4ನೇ ವರ್ಷದಲ್ಲಿ, ಬೆಂಕಿ ಬೀಳುವುದಕ್ಕೆ 3.6 ವರ್ಷ ಮೊದಲು. ಇನ್ನು ಬೆಂಕಿಯನ್ನು ತಡೆದರೆ ಸುದ್ದಿಯಿಲ್ಲ, ಸುದ್ದಿಯಿಲ್ಲದಿದ್ದರೆ ತಡೆಯುವವರಿಲ್ಲ. ಬೆನ್‌ಫೋರ್ಡ್, ಬುಕ್ ಮತ್ತು ನ್ಯೂಕೊಂಬ್ 1970ರಲ್ಲಿ ಟ್ಯಾಕಿಯಾನ್‌ಗಳ ವಿರುದ್ಧ ಎತ್ತಿದ ಆಕ್ಷೇಪದ ತಿರುಳು ಇದೇ. ನಾಳೆಯ ಸುದ್ದಿಯನ್ನು ಇಂದು ಕೇಳುವ ನಾಯಕನ ಕಥೆ ಈ ದೃಷ್ಟಿಯಿಂದ ಅಸಂಗತವೇನಲ್ಲ, ಆದರೆ ಅದನ್ನು ಒಪ್ಪಿದರೆ ಉಳಿದ ಕಥೆಗಳಲ್ಲಿ ಯಾರೂ ಯಾವ ಅಪಾಯಕ್ಕೂ ಸಿಕ್ಕಿಕೊಳ್ಳಬೇಕಾಗಿಲ್ಲ.

ಉಪ್ಪಳ ಪ್ಯಾಸೆಂಜರ್:

ಹುಳುಬಿಲ, ಅಂದರೆ ದೂರದ ಎರಡು ಜಾಗಗಳನ್ನು ಜೋಡಿಸುವ ವರ್ಮ್‌ಹೋಲ್ ಎಂಬ ಅಡ್ಡದಾರಿ, ಇಟ್ಟುಕೊಂಡರೆ ಈ ತಾಪತ್ರಯ ತಪ್ಪುತ್ತದೆಯೇ?

ಭೌತದ ಮಾಷ್ಟ್ರು:

ಇಲ್ಲ. ಮೋರಿಸ್, ಥಾರ್ನ್ ಮತ್ತು ಯುರ್ಟ್‌ಸೆವರ್ 1988ರಲ್ಲೇ ತೋರಿಸಿದಂತೆ, ಹುಳುಬಿಲದ ಒಂದು ಬಾಯಿಯನ್ನು ವೇಗವಾಗಿ ಓಡಾಡಿಸಿ ತಂದರೆ ಅದೇ ಕಾಲಯಂತ್ರವಾಗುತ್ತದೆ.

ಪಯಸ್ವಿನಿ:

ಹಾಗಾದರೆ ಕಾಲ ತಲೆಕೆಳಗಾಗದ ಹಾಗೆ ಕ್ಷಣವಾಣಿಯನ್ನು ಉಳಿಸಿಕೊಳ್ಳುವ ದಾರಿಯೇ ಇಲ್ಲವೇ?

ಭೌತದ ಮಾಷ್ಟ್ರು:

ಒಂದಿದೆ, ಆದರೆ ಸಾಪೇಕ್ಷತೆಯ ಒಂದು ಮೂಲ ತತ್ತ್ವವನ್ನು ಅದಕ್ಕೆ ಬಲಿಕೊಡಬೇಕು. ಎಲ್ಲ ವೀಕ್ಷಕರೂ ಸಮಾನರು ಎಂಬುದನ್ನು ಕ್ಷಣವಾಣಿಯ ಮಟ್ಟಿಗೆ ಕೈಬಿಟ್ಟು, ಇಡೀ ವಿಶ್ವಕ್ಕೆ ಒಂದೇ ‘ಈಗ’ ಇದೆ, ಯಂತ್ರ ಎಲ್ಲಿದ್ದರೂ ಹೇಗೆ ಓಡುತ್ತಿದ್ದರೂ ಸಂದೇಶ ಆ ‘ಈಗ’ಕ್ಕೇ ಬದ್ಧ ಎಂದು ವಿಧಿಸಬೇಕು. ಆಗ ನೌಕೆಯ ಮರುಮಾತು 6.4ನೇ ವರ್ಷಕ್ಕೆ ಇಳಿಯುವುದಿಲ್ಲ, ಕಳುಹಿಸಿದ ಕ್ಷಣಕ್ಕೇ ಮರಳುತ್ತದೆ. ಯಾವುದನ್ನು ಆ ವಿಶ್ವಮಾನವಾಗಿ ಆರಿಸುವುದು ಎಂದರೆ, ವಿಶ್ವದ ಆರಂಭಕಾಲದಿಂದ ಉಳಿದು ಎಲ್ಲೆಡೆ ತುಂಬಿರುವ ಹಿನ್ನೆಲೆ ಮೈಕ್ರೋವೇವ್ ವಿಕಿರಣ ಸಹಜವಾಗಿ ಕೈಗೆ ಸಿಗುತ್ತದೆ. 1964–65ರಲ್ಲಿ ಪೆಂಝಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾಕ್ಕೆ ಸಿಕ್ಕಿದ ಆ ವಿಕಿರಣ ಯಾರಿಗೆ ಎಲ್ಲ ದಿಕ್ಕಿನಿಂದಲೂ ಸಮನಾಗಿ ಕಾಣುತ್ತದೋ ಅವರು ‘ನಿಂತವರು’ ಎನ್ನಬಹುದು. ನಾವು ನಿಂತವರಲ್ಲ. ಸೌರಮಂಡಲ ಅದಕ್ಕೆ ಹೋಲಿಸಿದರೆ ಸಿಂಹ ರಾಶಿಯ ಕಡೆಗೆ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿದೆ. ಬೆಳಕಿನ ಸಂಕೇತ ಕಳುಹಿಸಿ, ಹೋಗಿಬರುವ ಕಾಲವನ್ನು ಅರ್ಧ ಮಾಡಿ ಎರಡು ಕಡೆಯ ಗಡಿಯಾರಗಳನ್ನು ಹೊಂದಿಸಿಕೊಂಡಿದ್ದರೆ, ಭೂಮಿಯಿಂದ ಸೋಮವಾರ ಮಧ್ಯಾಹ್ನ ಹೊರಟ ಮಾತು ಪ್ರಾಕ್ಸಿಮಾದಲ್ಲಿ ಭಾನುವಾರ ಸಂಜೆಯ ಹೊತ್ತಿಗೇ, ಸುಮಾರು 18 ಗಂಟೆ ಮೊದಲೇ, ಕೇಳಿಸುತ್ತದೆ. ಅಲ್ಲಿಂದ ಬರುವ ಮಾತು ಅಷ್ಟೇ ತಡವಾಗುತ್ತದೆ. ಆದ್ದರಿಂದ ಹೋಗಿಬಂದ ಲೆಕ್ಕ ಸೊನ್ನೆ, ವಿರೋಧಾಭಾಸವಿಲ್ಲ. ಟೌ ಸೆಟಿ ಆಕಾಶದ ಬಹುಪಾಲು ಎದುರು ಭಾಗದಲ್ಲಿರುವುದರಿಂದ ಅಲ್ಲಿಗೆ ಹೋಗುವ ಮಾತು ಹೆಚ್ಚುಕಡಿಮೆ ನಾಲ್ಕು ದಿನ ತಡ, ಬರುವ ಮಾತು ಅಷ್ಟೇ ಬೇಗ.

ಉಪ್ಪಳ ಪ್ಯಾಸೆಂಜರ್:

ಆದರೆ ಮಾಷ್ಟ್ರೇ, ಕ್ಷಣವಾಣಿ ಕೈಯಲ್ಲಿರುವಾಗ ಗಡಿಯಾರವನ್ನು ಬೆಳಕಿನಿಂದ ಹೊಂದಿಸುವವರು ಯಾರು? ‘ಈಗ ನಮ್ಮಲ್ಲಿ ಹನ್ನೆರಡು’ ಎಂದು ಕ್ಷಣವಾಣಿಯಲ್ಲೇ ಹೇಳಿಬಿಟ್ಟರೆ ನಿಮ್ಮ 18 ಗಂಟೆಯೂ ನಾಲ್ಕು ದಿನವೂ ಮಾಯವಾಗುತ್ತವೆ.

ಗಡಿಗ್ರಹ:

ಮಾಯವಾಗುವುದಿಲ್ಲ, ಎರಡು ಪಂಚಾಂಗಗಳಾಗಿ ಉಳಿದುಕೊಳ್ಳುತ್ತವೆ. ಸುದ್ದಿ, ವ್ಯಾಪಾರ, ಸರಕಾರದ ಆದೇಶ ಎಲ್ಲವೂ ಕ್ಷಣವಾಣಿಯ ಕಾಲದಲ್ಲಿ ನಡೆಯುತ್ತವೆ. ಆದರೆ ನೌಕೆಗಳ ಪಥ, ದೂರದರ್ಶಕಗಳ ವೀಕ್ಷಣೆ, ರೇಡಿಯೋ ದಾರಿದೀಪಗಳು ಇವೆಲ್ಲ ಬೆಳಕಿನ ಕಾಲವನ್ನೇ ಕೇಳುತ್ತವೆ, ಏಕೆಂದರೆ ಅವುಗಳ ಸಮೀಕರಣಗಳು ಆ ಕಾಲದಲ್ಲಿಯೇ ಸರಳವಾಗಿರುತ್ತವೆ. ನಮ್ಮ ಮನೆಗಳ ಗೋಡೆಯಲ್ಲಿ ಕೊಲ್ಲವರ್ಷದ ಮಲಯಾಳ ಕ್ಯಾಲೆಂಡರೂ ಮಂಗಳೂರು ಕಡೆಯ ಪಂಚಾಂಗದ ಕ್ಯಾಲೆಂಡರೂ ಪಕ್ಕಪಕ್ಕ ತೂಗುವ ಹಾಗೆ ಟೌ ಸೆಟಿಯ ಪ್ರತಿ ಮನೆಯಲ್ಲಿಯೂ ಎರಡು ದಿನಾಂಕಗಳು ಇರುತ್ತವೆ, ಮತ್ತು ಮಗುವಿನ ಜನನ ಪತ್ರದಲ್ಲಿ ಯಾವುದನ್ನು ಬರೆಯಬೇಕೆಂಬುದನ್ನು ಕಚೇರಿ ತೀರ್ಮಾನಿಸುತ್ತದೆ. ನನಗೆ ಈ ನಿಯಮ ಹಿಡಿಸಿದ್ದು ಇದೇ ಕಾರಣಕ್ಕೆ. ಯಂತ್ರದ ಒಳಗೆ ಏನಿದೆ ಎಂಬುದಕ್ಕಿಂತ ಅದು ಯಾರ ಕಾಲವನ್ನು ಎಲ್ಲರ ಮೇಲೆ ಹೇರುತ್ತದೆ ಎಂಬಲ್ಲಿ ಕಥೆ ಇದೆ.

ಹಳೆಯ ತಂತಿ:

ತಂತಿ ಇಲಾಖೆಯ ಕೆಲಸ ಗೊತ್ತಿರುವವನಾಗಿ ಒಂದು ಮಾತು ಸೇರಿಸುತ್ತೇನೆ. ನೀವೆಲ್ಲ ವೇಗದ ಬಗ್ಗೆಯೇ ಹೇಳುತ್ತಿದ್ದೀರಿ, ಒಂದು ಹೊತ್ತಿಗೆ ಎಷ್ಟು ಮಾತು ಹಿಡಿಸುತ್ತದೆ ಎಂದು ಯಾರೂ ಕೇಳಲಿಲ್ಲ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಕಿದ ಮೊದಲ ತಂತಿಯಲ್ಲಿ ವಿದ್ಯುತ್ ಸಂಕೇತ ದಡ ಸೇರಲು ಹಡಗಿನಂತೆ ದಿನಗಟ್ಟಲೆ ಬೇಕಿರಲಿಲ್ಲ. ಆದರೂ ವಿಕ್ಟೋರಿಯಾ ರಾಣಿಯ 98 ಪದಗಳ ಶುಭಾಶಯ ದಾಟಿ ಮುಗಿಯಲು ಸುಮಾರು 16 ಗಂಟೆ ಹಿಡಿಯಿತು, ಏಕೆಂದರೆ ಒಂದು ಸಂಕೇತ ಇನ್ನೊಂದಕ್ಕೆ ಕಲಸಿಹೋಗದಂತೆ ಬಿಡಿಬಿಡಿಯಾಗಿ ಕಳುಹಿಸಬೇಕಿತ್ತು. ಕೆಲವೇ ವಾರಗಳಲ್ಲಿ ಆ ತಂತಿಯೂ ಕೆಟ್ಟಿತು. ಇಡೀ ರಾತ್ರಿಗೆ ಒಂದು ಸಾಲು ಎಂಬ ಕಥೆ ನಿಮ್ಮ ವಿಶ್ವದಲ್ಲಿ ಅತ್ಯಂತ ನಂಬುವಂಥದ್ದು.

ಮಾತು ಹರಿಯುವ ಕಾಲುವೆ ಕಿರಿದಾಗಿದ್ದರೆ ಪದಕ್ಕೆ ಬೆಲೆ ಬರುತ್ತದೆ, ಪದಕ್ಕೆ ಬೆಲೆ ಬಂದರೆ ಸಂಕೇತಕೋಶ ಹುಟ್ಟುತ್ತದೆ. ನಮ್ಮ ದೇಶದ ಶುಭಾಶಯ ತಂತಿಗಳಲ್ಲಿ ಮದುವೆಗೆ, ಹಬ್ಬಕ್ಕೆ, ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ಸಿದ್ಧವಾಕ್ಯಗಳಿದ್ದವು. ಕಳುಹಿಸುವವರು ಸಂಖ್ಯೆ ಬರೆದರೆ ಸಾಕು, ಆ ಕಡೆ ಪೂರ್ತಿ ವಾಕ್ಯ ಬರೆದು ಕೊಡುತ್ತಿದ್ದರು. 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತಿತು. ಈಗ ನಿಮ್ಮ ವಿಶ್ವಕ್ಕೆ ಬನ್ನಿ. ಕ್ಷಣವಾಣಿಯ ಕೋಶದಲ್ಲಿ ಮದುವೆಗೆ ಸಂಖ್ಯೆ ಇದೆ, ಸಾವಿಗೆ ಸಂಖ್ಯೆ ಇದೆ. ‘ಈ ವರ್ಷ ತರವಾಡಿನಲ್ಲಿ ಕೋಲ ಕಟ್ಟುವುದಕ್ಕೆ ನೀನು ಬಾರದಿದ್ದರೂ ಪ್ರಸಾದ ತೆಗೆದಿಟ್ಟಿದ್ದೇವೆ’ ಎಂಬುದಕ್ಕೆ ಸಂಖ್ಯೆ ಇದೆಯೇ? ಇಲ್ಲದಿದ್ದರೆ ಆ ಮನೆಯವರು ಪ್ರತಿ ಅಕ್ಷರಕ್ಕೂ ದುಡ್ಡು ತೆರಬೇಕು. ಕೋಶ ಬರೆಯುವ ಸಮಿತಿಯಲ್ಲಿ ಯಾವ ಭಾಷೆಯವರು ಕುಳಿತಿದ್ದರು ಎಂಬುದು ಅಲ್ಲಿ ತಿಳಿದುಬಿಡುತ್ತದೆ.

ಅಡಿಕೆತೋಟ:

ಇದು ಒಳ್ಳೆಯ ಮಾತು. ಆದರೆ ತಕ್ಷಣ ಮಾತಾಡಲು ಬರುವಾಗ ದೂರದ ನೆಲೆಯವರಿಗೆ ರಾಜಧಾನಿಯ ಮೇಲೆ ಅಸಮಾಧಾನ ಉಳಿಯುವುದು ಹೇಗೆ? ಅರ್ಜಿ ಅವತ್ತೇ ತಲುಪುತ್ತದಲ್ಲ.

ಗಡಿಗ್ರಹ:

ಅರ್ಜಿ ತಲುಪುವುದೂ ಉತ್ತರ ಬರುವುದೂ ಒಂದೇ ಎಂದು ಕಾಸರಗೋಡಿನವರು ಹೇಳಬಾರದು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಅದು ಇಂದಿಗೂ ಜಾರಿಯಾಗಿಲ್ಲ. ಆ ಕಡತ ದೆಹಲಿಯ ದಾರಿಯಲ್ಲಿ ಸಿಕ್ಕಿಕೊಂಡದ್ದಲ್ಲ. ನಮ್ಮ ಟೌ ಸೆಟಿಯವರಿಗೂ ಹಾಗೆಯೇ ಆಗಲಿ: ರೇಡಿಯೋ ಕಾಲದಲ್ಲಿ ರಾಜಧಾನಿಯವರು 24 ವರ್ಷದ ವಿಳಂಬಕ್ಕೆ ಬೆಳಕನ್ನು ದೂರಬಹುದಿತ್ತು. ಕ್ಷಣವಾಣಿ ಬಂದ ಮೇಲೆ ಆ ನೆಪ ಹೋಗುತ್ತದೆ, ವಿಳಂಬ ಮಾತ್ರ ಹೋಗುವುದಿಲ್ಲ. ಅಸಮಾಧಾನ ಹುಟ್ಟುವುದು ಆಗಲೇ.

ತೆಂಕುತಿಟ್ಟು:

ಇಷ್ಟು ಹೊತ್ತು ಓದುತ್ತಿದ್ದೆ. ನನಗೆ ಒಂದು ತಾಳಮದ್ದಳೆಯ ದೃಶ್ಯ ಬರೆಯಬೇಕು. ಭೂಮಿಯಲ್ಲಿ ಭಾಗವತರೂ ರಾವಣನ ಅರ್ಥಧಾರಿಯೂ, 0.6 ವೇಗದ ನೌಕೆಯಲ್ಲಿ ಅಂಗದನ ಅರ್ಥಧಾರಿಯೂ ಮದ್ದಳೆಗಾರನೂ. ಕಿರಿದಾದ ಕಾಲುವೆ ಎಂದರೆ ಧ್ವನಿ ಹಾಯುವುದಿಲ್ಲ ಎಂದು ಗೊತ್ತಿದೆ. ನೌಕೆಯವರು ವರ್ಷವಿಡೀ ತಮ್ಮ ಪಾಲಿನ ಪದಗಳನ್ನು ಬಳಸದೆ ಉಳಿಸಿ, ಒಂದು ರಾತ್ರಿಯ ಮಟ್ಟಿಗೆ ಧ್ವನಿಯ ಸಂಪರ್ಕ ಪಡೆಯುತ್ತಾರೆ ಎಂದು ಮಾಡಿದ್ದೇನೆ. ಹೊಸ ನಿಯಮದ ಪ್ರಕಾರ ಭಾಗವತರ ಪದ್ಯ ಅವರಿಗೆ ಹೇಗೆ ಕೇಳಿಸುತ್ತದೆ?

ಭೌತದ ಮಾಷ್ಟ್ರು:

ಇದು ಸೊಗಸಾದ ಪ್ರಶ್ನೆ. ಮಾಮೂಲಿ ಸಾಪೇಕ್ಷತೆಯಲ್ಲಿ ಇಬ್ಬರಿಗೂ ಎದುರಿನವರ ಗಡಿಯಾರವೇ ನಿಧಾನ. ನಾವು ಒಂದೇ ‘ಈಗ’ವನ್ನು ವಿಧಿಸಿದ ಮೇಲೆ ಆ ಸಮಾನತೆ ಒಡೆಯಿತು. ಭೂಮಿಯ 370 ಕಿಲೋಮೀಟರ್ ಇಲ್ಲಿ ಲೆಕ್ಕಕ್ಕೆ ಬರುವಷ್ಟಿಲ್ಲ, ಆದ್ದರಿಂದ ನೌಕೆಯ ಗಡಿಯಾರವೇ ನಿಜವಾಗಿ ನಿಧಾನ. ಭೂಮಿಯ ಒಂದು ಗಂಟೆಯ ಭಾಗವತಿಕೆ ನೌಕೆಯಲ್ಲಿ 48 ನಿಮಿಷಕ್ಕೆ ಮುಗಿಯುತ್ತದೆ. ಕಂಪನಾಂಕ 5:4ರ ಪ್ರಮಾಣದಲ್ಲಿ ಏರುವುದರಿಂದ ಅವರ ಷಡ್ಜ ಇವರಿಗೆ ಅಂತರ ಗಾಂಧಾರವಾಗಿ ಕೇಳಿಸುತ್ತದೆ. ನೌಕೆಯಿಂದ ಬರುವ ಒಂದು ಗಂಟೆಯ ಅರ್ಥ ಭೂಮಿಯಲ್ಲಿ 75 ನಿಮಿಷಕ್ಕೆ ಹಿಗ್ಗುತ್ತದೆ, ಅಂಗದನ ದನಿ ದಪ್ಪವಾಗುತ್ತದೆ.

ತೆಂಕುತಿಟ್ಟು:

ಅಂಗದನ ದನಿ ದಪ್ಪವಾದರೆ ಬಾಧಕವಿಲ್ಲ, ರಾವಣನಿಗಿಂತ ದಪ್ಪವಾಗದಿದ್ದರೆ ಸಾಕು. ಹಾರ್ಮೋನಿಯಂ ಲೆಕ್ಕದಲ್ಲಿ ಭಾಗವತರು ಕಪ್ಪು ಎರಡರ ಶ್ರುತಿಯಲ್ಲಿ ಹಾಡಿದರೆ ನೌಕೆಯಲ್ಲಿ ಅದು ಬಿಳಿ ಐದು. ಹಾಗಾದರೆ ಮದ್ದಳೆಗಾರ ಅಲ್ಲಿ ಬಿಳಿ ಐದಕ್ಕೆ ಶ್ರುತಿ ಮಾಡಿಕೊಂಡು, ತನಗೆ ಕೇಳುವ ಏರಿದ ಲಯದಲ್ಲೇ ನುಡಿಸಿದರೆ, ಭೂಮಿಗೆ ಬರುವಾಗ ಶ್ರುತಿಯೂ ಲಯವೂ ಇಳಿದು ಸರಿಯಾಗಿ ಕಪ್ಪು ಎರಡಕ್ಕೆ ಬಂದು ಕೂರುತ್ತವೆ, ಅಲ್ಲವೇ? ವಿಳಂಬ ಇಲ್ಲದ ಕಾರಣ ತಾಳವೂ ತಪ್ಪುವುದಿಲ್ಲ.

ಭೌತದ ಮಾಷ್ಟ್ರು:

ತಪ್ಪುವುದಿಲ್ಲ. ಯಂತ್ರದಿಂದ ಶ್ರುತಿಯನ್ನು ತಿದ್ದಲು ಹೋದರೆ ಮಾತ್ರ ತಾಳ ಕೆಡುತ್ತದೆ, ಏಕೆಂದರೆ ಶ್ರುತಿಯನ್ನು ತಿದ್ದಬಹುದು, ನೌಕೆಯ 48 ನಿಮಿಷಕ್ಕೆ ಭೂಮಿಯ 60 ನಿಮಿಷವನ್ನು ಕುಗ್ಗಿಸದೆ ತುಂಬಲು ಬರುವುದಿಲ್ಲ. ಏನೂ ತಿದ್ದದೆ ಬಿಡಿ. ಆದರೆ ಮದ್ದಳೆಗಾರನ ಬೆರಳುಗಳು ರಾತ್ರಿಯಿಡೀ ಕಾಲು ಪಾಲು ಹೆಚ್ಚು ವೇಗದಲ್ಲಿ ಓಡಬೇಕು, ಏರುಪದ್ಯ ಬಂದಾಗ ಅವನ ಗತಿ ಏನಾಗುತ್ತದೆಂದು ನೀವೇ ಬಲ್ಲಿರಿ.

ಪಯಸ್ವಿನಿ:

ಹಾಗಾದರೆ ನಿಯಮಗಳ ಪುಟದಲ್ಲಿ ಹೀಗೆ ಬರೆದಿದ್ದೇನೆ: ಕ್ಷಣವಾಣಿ ಹಿನ್ನೆಲೆ ವಿಕಿರಣದ ‘ಈಗ’ಕ್ಕೆ ಬದ್ಧ, ಯಾವ ಸಂದೇಶವೂ ಕಳುಹಿಸಿದವರ ಭೂತಕಾಲಕ್ಕೆ ಮರಳದು, ಕಾಲುವೆ ಕಿರಿದು, ಧ್ವನಿ ದುಬಾರಿ. ನಾಳೆಯ ಸುದ್ದಿ ಕೇಳುವ ನಾಯಕನ ಕಥೆಯನ್ನು ಅದರ ಲೇಖಕರು ತಿದ್ದಿಕೊಡಬೇಕಾಗಿ ವಿನಂತಿ. ಬೆಳಕಿನ ಪಂಚಾಂಗದ ದಿನಾಂಕದಲ್ಲಿ ಸುದ್ದಿ 18 ಗಂಟೆ ಬೇಗ ಬಂದಂತೆ ತೋರಿಸಿದರೆ ಅರ್ಧ ಕಥೆ ಹಾಗೆಯೇ ಉಳಿಯುತ್ತದೆ. ನೌಕೆಯ ಸಾಮಾನಿನ ಪಟ್ಟಿಗೆ ಬಿಳಿ ಐದರ ಮದ್ದಳೆಯನ್ನೂ ಎರಡು ಜೊತೆ ಹೆಚ್ಚುವರಿ ಮುಚ್ಚಿಗೆಯನ್ನೂ ಸೇರಿಸಿದ್ದೇನೆ. ಸಂಕೇತಕೋಶದ ಸಮಿತಿಯ ಕಥೆಯನ್ನು ಹಳೆಯ ತಂತಿಯವರೇ ಬರೆದರೆ ಒಳ್ಳೆಯದು, ಒಪ್ಪಿಗೆಯೇ?

ಹಳೆಯ ತಂತಿ:

ಒಪ್ಪಿಗೆ. ಆದರೆ ಸಮಿತಿಯಲ್ಲಿ ಎಷ್ಟು ಜನ, ಅವರಲ್ಲಿ ತುಳು ಬಲ್ಲವರು ಇದ್ದಾರೋ ಇಲ್ಲವೋ ಎಂಬುದನ್ನು ಮೊದಲು ತಿಳಿಸಿ.